ಮೀನು ಆಗಿಬರುವ ಮನೆ: ಗಾಜಿನ ತೊಟ್ಟಿಗೆ ಹೊಂದುವ ಸಿಹಿನೀರಿನ ಪುಟ್ಟ ಮೀನುಗಳ ಆಯ್ಕೆ

ಹಿತ್ತಿಲು, ಬಾವಿಕಟ್ಟೆ, ದನದ ಕೊಟ್ಟಿಗೆಗಳ ನಡುವೆ ಬಾಲ್ಯವನ್ನು ಕಳೆದವರು ಉದ್ಯೋಗದ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದಾಗ, ತಮ್ಮ ಮಕ್ಕಳಿಗೆ ಕೊಡಲಾರದೆ ಹೋಗುವ ಸಂಗತಿಗಳಲ್ಲಿ ಪ್ರಾಣಿಗಳ ಒಡನಾಟವೂ ಒಂದು. ಎರಡು ಕೋಣೆಗಳ ಮನೆಯಲ್ಲಿ ನಾಯಿಗೆ ಜಾಗ ಸಾಲದು. ಹಕ್ಕಿಯನ್ನು ಪಂಜರದಲ್ಲಿಡಲು ಮನಸ್ಸೊಪ್ಪದು. ಹೀಗಾಗಿ ಎಷ್ಟೋ ಮನೆಗಳ ಹಜಾರದಲ್ಲಿ ಗಾಜಿನ ತೊಟ್ಟಿಯೊಂದು ಬಂದು ಕುಳಿತುಕೊಳ್ಳುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆಂದು ತಂದ ಆ ತೊಟ್ಟಿಯಲ್ಲಿ ಕೆಂಪು, ಹಳದಿ, ನೀಲಿ ಬಣ್ಣದ ಹತ್ತಾರು ಮೀನುಗಳು ಮೊದಲ ವಾರ ಮನೆಮಂದಿಯ ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ.

ಎರಡನೆಯ ವಾರ ಒಂದು ಮೀನು ಸಾಯುತ್ತದೆ. ಮೂರನೆಯ ವಾರ ನಾಲ್ಕು. ಒಂದರ ರೆಕ್ಕೆ ಹರಿದಿರುತ್ತದೆ, ಮತ್ತೊಂದು ಮೂಲೆ ಹಿಡಿದಿರುತ್ತದೆ, ಇನ್ನೊಂದು ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗಿರುತ್ತದೆ. ಮಗುವಿಗೆ ತಿಳಿಯದಂತೆ ಅದೇ ಬಣ್ಣದ ಬೇರೆ ಮೀನನ್ನು ತಂದುಬಿಡುವ ತಂದೆ ತಾಯಂದಿರೂ ಉಂಟು. ಕೆಲವು ತಿಂಗಳ ಬಳಿಕ ಖಾಲಿ ತೊಟ್ಟಿ ಬಾಲ್ಕನಿಯನ್ನು ಸೇರುತ್ತದೆ. 'ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ' ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಆಗಿಬರುವುದು, ಬಾರದಿರುವುದು ಮನೆಯ ಅದೃಷ್ಟಕ್ಕೆ ಸಂಬಂಧಿಸಿದ ವಿಷಯವಲ್ಲ. ಆ ಮನೆಯ ನೀರಿಗೂ ಅಲ್ಲಿಗೆ ತಂದ ಮೀನಿಗೂ, ಒಂದು ಮೀನಿಗೂ ಅದರ ನೆರೆಯ ಮೀನಿಗೂ ಹೊಂದಾಣಿಕೆ ಇತ್ತೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನದಿಯಲ್ಲಿ ಮೀನು ತನಗೆ ಸರಿಬೀಳದ ಜಾಗವನ್ನು ಬಿಟ್ಟು ಹೋಗಬಲ್ಲದು; ಬಲಶಾಲಿಯಿಂದ ದೂರ ಓಡಬಲ್ಲದು. ಗಾಜಿನ ನಾಲ್ಕು ಗೋಡೆಗಳ ನಡುವೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಮೀನಿನ ಪರವಾಗಿ ಊರನ್ನೂ ಮನೆಯನ್ನೂ ನೆರೆಹೊರೆಯನ್ನೂ ಆರಿಸಿಕೊಡುವ ಹೊಣೆ ಸಾಕುವವರ ಮೇಲೆ ಬೀಳುತ್ತದೆ. ಹಲವು ಜಾತಿಯ ಮೀನುಗಳು ಒಟ್ಟಿಗೆ ಬಾಳುವ ಇಂಥ ತೊಟ್ಟಿಗೆ ಹವ್ಯಾಸಿಗಳು ಕಮ್ಯೂನಿಟಿ ಟ್ಯಾಂಕ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಸಹಬಾಳ್ವೆಯ ತೊಟ್ಟಿ ಎನ್ನಬಹುದು.

ಮೊದಲು ನೀರು, ಆಮೇಲೆ ಮೀನು

ಸಾಮಾನ್ಯವಾಗಿ ಜನರು ಅಂಗಡಿಗೆ ಹೋಗಿ ಬಣ್ಣ ನೋಡಿ ಮೀನನ್ನು ಆರಿಸಿ, ಮನೆಗೆ ಬಂದ ಮೇಲೆ ನೀರಿನ ವಿಚಾರ ಮಾಡುತ್ತಾರೆ. ಈ ಕ್ರಮ ತಲೆಕೆಳಗಾದುದು. ಮನೆಯ ನಲ್ಲಿಯ ನೀರನ್ನು ಬದಲಾಯಿಸುವುದು ಕಷ್ಟ. ಆ ನೀರಿಗೆ ಒಗ್ಗುವ ಮೀನನ್ನು ಆರಿಸುವುದು ಸುಲಭ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣವನ್ನು ಅನುಸರಿಸಿ ಅದನ್ನು ಮೆದು ನೀರು, ಗಡಸು ನೀರು ಎಂದು ವಿಂಗಡಿಸುತ್ತಾರೆ. ಇದು ಗೃಹಿಣಿಯರಿಗೆ ಪರಿಚಿತವಾದ ವಿಷಯವೇ. ಸಾಬೂನು ನೊರೆ ಕೊಡದೆ, ಬೇಳೆ ಬೇಗ ಬೇಯದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳಿಕೆ ಕಟ್ಟಿದರೆ ಅದು ಗಡಸು ನೀರು. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ದ್ರಾವಣದಿಂದ ಇದನ್ನು ಅಳೆಯಲೂಬಹುದು.

ಮುಂಬಯಿಗೆ ಭಾತಸಾ, ತಾನಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ನೀರು ಸಹ್ಯಾದ್ರಿಯ ಮಳೆಯಿಂದ ಕೂಡಿದುದು, ಸಾಮಾನ್ಯವಾಗಿ ಮೆದು. ಪುಣೆಯಲ್ಲಿ ಖಡಕವಾಸಲಾ ಕಡೆಯಿಂದ ಬರುವ ನಲ್ಲಿ ನೀರೂ ಅದೇ ಬಗೆಯದು. ಚೆನ್ನೈ, ಹೈದರಾಬಾದುಗಳ ಕೊಳವೆ ಬಾವಿಗಳ ನೀರು ಹಲವೆಡೆ ಗಡಸು. ಚೆನ್ನೈನ ಕರಾವಳಿಯ ಕೆಲವು ಬಡಾವಣೆಗಳಲ್ಲಿ ಸ್ವಲ್ಪ ಉಪ್ಪೂ ಇರುವುದುಂಟು. ದೆಹಲಿಯಲ್ಲಿ ಒಂದು ಬಡಾವಣೆಗೆ ನದಿಯ ನೀರು ಬಂದರೆ ಇನ್ನೊಂದು ಬಡಾವಣೆ ನೆಲದೊಳಗಿನ ಗಡಸು ನೀರನ್ನೇ ನೆಚ್ಚಿಕೊಂಡಿರುತ್ತದೆ. ಒಂದೇ ಕಟ್ಟಡದಲ್ಲಿ ಬೇಸಗೆಯಲ್ಲಿ ಟ್ಯಾಂಕರ್ ನೀರು, ಉಳಿದ ಕಾಲದಲ್ಲಿ ನಗರಸಭೆಯ ನೀರು ಬರುವುದೂ ಉಂಟು. ಆದುದರಿಂದ ಊರಿನ ಹೆಸರನ್ನು ನಂಬದೆ ಮನೆಯ ನೀರನ್ನೇ ಪರೀಕ್ಷಿಸುವುದು ಒಳಿತು.

ಮೀನುಗಳಿಗೂ ಈ ಭೇದ ಮುಖ್ಯ. ಗಪ್ಪಿ, ಮಾಲಿ, ಪ್ಲಾಟಿಗಳಂತಹ ಮರಿಹಾಕುವ ಮೀನುಗಳಿಗೆ ಗಡಸು ನೀರೇ ಹಿತ. ಅಮೆಜಾನ್ ನದಿಯ ಮೇಲ್ಭಾಗದ ನಿಯಾನ್ ಟೆಟ್ರಾ, ಮಲಯ ಪರ್ಯಾಯದ್ವೀಪ ಮತ್ತು ಸುಮಾತ್ರದ ಹಾರ್ಲಿಕ್ವಿನ್ ರಾಸ್ಬೊರ ಮುಂತಾದವು ಮೆದು ನೀರಿನಲ್ಲಿ ಹುಟ್ಟಿದವು. ಇವೆರಡು ಗುಂಪುಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಯಾವುದಾದರೊಂದು ಗುಂಪು ಸದಾ ಸೊರಗುತ್ತಲೇ ಇರುತ್ತದೆ.

ಗಡಸು ನೀರಿಗೆ ಹೆದರಿ ಆರ್.ಓ. ಯಂತ್ರದ ನೀರನ್ನೇ ತುಂಬುವವರಿದ್ದಾರೆ. ಮೀನಿಗೆ ಬೇಕಾದ ಲವಣಗಳೂ ಆ ನೀರಿನಿಂದ ಹೊರಟುಹೋಗಿರುತ್ತವೆ. ಅದರ ಆಮ್ಲ-ಕ್ಷಾರ ಸಮತೋಲವೂ ಬೇಗ ಕೆಡುತ್ತದೆ. ಬಳಸಲೇಬೇಕಾದರೆ ನಲ್ಲಿಯ ನೀರಿನೊಡನೆ ಬೆರೆಸಿ, ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಬಳಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಸಾಮಾನ್ಯ ಕ್ಲೋರಿನ್ ಹೊರಟುಹೋಗುತ್ತದೆ. ಕ್ಲೋರಮಿನ್ ಬೆರೆಸಿದ ನೀರಾದರೆ ಅಂಗಡಿಯಲ್ಲಿ ದೊರೆಯುವ ಶೋಧಕ ದ್ರಾವಣ ಅಗತ್ಯ.

ತೊಟ್ಟಿಗೂ ಹೆಪ್ಪು ಬೇಕು

ಹೊಸ ತೊಟ್ಟಿಯ ಮೀನುಗಳು ಮೊದಲ ತಿಂಗಳಲ್ಲಿ ಸಾಯಲು ಅತಿ ಸಾಮಾನ್ಯವಾದ ಕಾರಣ ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕಿವಿರುಗಳಿಂದ, ಮಲದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯ ಹೊರಬೀಳುತ್ತದೆ. ಅದು ವಿಷ. ಒಂದು ವರ್ಗದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ವರ್ಗದವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ; ಇದು ಮಿತಿಯಲ್ಲಿರುವವರೆಗೆ ಹೆಚ್ಚು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಿದರೆ ನೈಟ್ರೇಟ್ ಹತೋಟಿಯಲ್ಲಿರುತ್ತದೆ.

ಈ ಉಪಕಾರಿ ಬ್ಯಾಕ್ಟೀರಿಯಗಳು ಶೋಧಕದ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಿ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಆವರೆಗೆ ತೊಟ್ಟಿಯಲ್ಲಿ ಮೀನು ಬಿಡದೆ, ಶೋಧಕವನ್ನು ಹಗಲಿರುಳು ನಡೆಸುತ್ತ, ದಿನವೂ ಚಿಟಿಕೆ ಮೀನಿನ ಆಹಾರವನ್ನು ಉದುರಿಸುತ್ತಿರಬೇಕು. ಪರೀಕ್ಷೆಯಲ್ಲಿ ಮೊದಲು ಅಮೋನಿಯ, ಅನಂತರ ನೈಟ್ರೈಟ್ ಏರಿ, ಕೊನೆಗೆ ಎರಡೂ ಸೊನ್ನೆಗೆ ಇಳಿದಾಗ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಹಾಲನ್ನು ಮೊಸರಾಗಿಸಲು ಹೆಪ್ಪು ಹಾಕುವಂತೆ, ಬಹುಕಾಲದಿಂದ ರೋಗವಿಲ್ಲದೆ ನಡೆಯುತ್ತಿರುವ ಪರಿಚಿತರ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಂಜನ್ನು ತಂದು ಹೊಸ ಶೋಧಕದಲ್ಲಿಟ್ಟರೆ ಈ ಕಾಲ ಬಹಳ ಕಡಿಮೆಯಾಗುತ್ತದೆ. ಆ ಸ್ಪಂಜು ದಾರಿಯಲ್ಲಿ ಒಣಗಬಾರದು. ಮುಂದೆಯೂ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ನಿನಿಂದ ಹೆಪ್ಪೇ ಸಾಯುತ್ತದೆ.

ಮೀನಿಲ್ಲದ ನೀರು ವಾರಗಟ್ಟಲೆ ತೆರೆದು ನಿಂತರೆ ಡೆಂಗೆ ಹರಡುವ ಸೊಳ್ಳೆ ಅದರಲ್ಲಿ ಮೊಟ್ಟೆಯಿಡಬಹುದು. ಆದುದರಿಂದ ಈ ಅವಧಿಯಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿಯಾಗಿ ಕಟ್ಟಬೇಕು.

ಹೊಂದಾಣಿಕೆಯ ಐದು ಪರೀಕ್ಷೆಗಳು

ನೀರಿಗೆ ಒಗ್ಗುವ ಮೀನುಗಳ ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದನ್ನೂ ಐದು ಪ್ರಶ್ನೆಗಳಿಗೆ ಒಡ್ಡಬೇಕು.

1. ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ? ಅಂಗಡಿಯಲ್ಲಿರುವ ಮೀನುಗಳಲ್ಲಿ ಹೆಚ್ಚಿನವು ಮರಿಗಳು. ಗಾಜಿನ ಮೇಲಿನ ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಕೊಳ್ಳುವಾಗ ಹೆಬ್ಬೆರಳಿನಷ್ಟಿದ್ದು, ಬೆಳೆದಾಗ ಒಂದು ಅಡಿಯನ್ನೂ ಮೀರುತ್ತದೆ. ಏಂಜೆಲ್ ಮೀನು ಅಂಗೈ ಅಗಲವಾಗುತ್ತದೆ. ಚಿನ್ನದ ಮೀನಿಗೆ ತಂಪು ನೀರೂ ವಿಶಾಲವಾದ ಜಾಗವೂ ಬೇಕಾದುದರಿಂದ ಪುಟ್ಟ ಮೀನುಗಳ ತೊಟ್ಟಿ ಅದಕ್ಕೆ ಸಲ್ಲದು. ಒಂದು ಅಂಗುಲ ಮೀನಿಗೆ ಒಂದು ಗ್ಯಾಲನ್ ನೀರು ಎಂಬ ಹಳೆಯ ಸೂತ್ರವೂ ಇಲ್ಲಿ ಮೋಸಗೊಳಿಸುತ್ತದೆ. ಆಕಾರ ಒಂದೇ ಆಗಿದ್ದರೆ, ಉದ್ದ ಹತ್ತು ಪಟ್ಟಾದಾಗ ದೇಹದ ಗಾತ್ರ ಸಾವಿರ ಪಟ್ಟಾಗುತ್ತದೆ; ಹತ್ತು ಅಂಗುಲದ ಒಂದು ಮೀನು ಒಂದು ಅಂಗುಲದ ಹತ್ತು ಮೀನುಗಳಿಗೆ ಎಂದಿಗೂ ಸಮನಲ್ಲ.

2. ಅದರ ಬಾಯಿ ಎಷ್ಟು ದೊಡ್ಡದು? ಮೀನುಗಳಲ್ಲಿ ಕ್ರೂರಿ, ಸಾಧು ಎಂಬ ಭೇದಕ್ಕಿಂತ ಬಾಯಿಯ ಅಳತೆ ಮುಖ್ಯ. ಬಾಯಿಗೆ ಹಿಡಿಸುವ ನೆರೆಯವನು ನೆರೆಯವನಲ್ಲ, ಆಹಾರ. ನದಿಯಲ್ಲಿಯೂ ಏಂಜೆಲ್ ಮೀನಿಗೆ ಪುಟ್ಟ ಟೆಟ್ರಾಗಳು ಆಹಾರವೇ. ರಾತ್ರಿ ಕಳೆದು ಬೆಳಗಾಗುವಾಗ ಕಾಣೆಯಾಗುವ ನಿಯಾನ್ ಮೀನುಗಳ ರಹಸ್ಯ ಬಹುಪಾಲು ಇಷ್ಟೇ.

3. ಅದಕ್ಕೆ ಎಷ್ಟು ಮಂದಿಯ ಜೊತೆ ಬೇಕು? ಟೆಟ್ರಾ, ರಾಸ್ಬೊರ, ಡ್ಯಾನಿಯೊ, ಬಾರ್ಬ್, ಕೋರಿಡೊರಾಸ್ ಮುಂತಾದವು ಹಿಂಡಿನ ಜೀವಿಗಳು. ಸ್ವಜಾತಿಯ ಆರು ಮೀನುಗಳಾದರೂ ಇಲ್ಲದಿದ್ದರೆ ಅವು ಹೆದರಿ ಬಣ್ಣಗೆಡುತ್ತವೆ ಅಥವಾ ಕೆರಳಿ ಇತರರ ರೆಕ್ಕೆ ಕಚ್ಚುತ್ತವೆ. ಬಣ್ಣದ ವೈವಿಧ್ಯಕ್ಕಾಗಿ ಹತ್ತು ಜಾತಿಗಳಿಂದ ಎರಡೆರಡು ಮೀನುಗಳನ್ನು ತರುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಂಡುಬರುವ ಅಭ್ಯಾಸ. ಪರವೂರಿನಲ್ಲಿ ಭಾಷೆ ಬಲ್ಲ ಒಬ್ಬರೂ ಸಿಗದೆ ತಿಂಗಳುಗಟ್ಟಲೆ ಕಳೆದವರಿಗೆ ಆ ಮೀನುಗಳ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ಎರಡು ಅಥವಾ ಮೂರು ಜಾತಿಗಳನ್ನು ಆರಿಸಿ, ಹಿಂಡಿನ ಜಾತಿಗಳಲ್ಲಿ ತುಂಬು ಹಿಂಡನ್ನೇ ಸಾಕುವುದು ಮೀನಿಗೂ ಹಿತ, ನೋಡುವ ಕಣ್ಣಿಗೂ ಚೆಂದ.

4. ಅದು ನೀರಿನ ಯಾವ ಅಂತಸ್ತಿನಲ್ಲಿ ವಾಸಿಸುತ್ತದೆ? ಡ್ಯಾನಿಯೊಗಳು ಮೇಲ್ಭಾಗದಲ್ಲಿ ಓಡಾಡುತ್ತವೆ. ರಾಸ್ಬೊರ, ಟೆಟ್ರಾಗಳು ನಡುವಿನಲ್ಲಿ. ಕೋರಿಡೊರಾಸ್ ಮತ್ತು ಲೋಚ್ ಜಾತಿಯವು ತಳದಲ್ಲಿ. ಎಲ್ಲರೂ ಒಂದೇ ಅಂತಸ್ತಿನಲ್ಲಿ ನೆರೆದರೆ ನೂಕುನುಗ್ಗಲಾಗುತ್ತದೆ. ತಳದ ಮೀನುಗಳು ಇತರರ ಎಂಜಲು ತಿಂದು ಬದುಕುತ್ತವೆಂಬುದು ತಪ್ಪು ತಿಳಿವಳಿಕೆ. ಅವುಗಳಿಗೆ ಮುಳುಗುವ ಆಹಾರವನ್ನು ಪ್ರತ್ಯೇಕವಾಗಿ ಹಾಕಬೇಕು. ಅವುಗಳ ಮೀಸೆ ಸವೆಯದಂತೆ ನುಣುಪು ಮರಳನ್ನು ಹಾಸಬೇಕು.

5. ಅದರ ಸ್ವಭಾವ, ವೇಗ, ಉಡುಪು ಹೇಗೆ? ಸುಮಾತ್ರ, ಬೋರ್ನಿಯೊಗಳ ಟೈಗರ್ ಬಾರ್ಬ್ ಚಟುವಟಿಕೆಯ ಮೀನು. ಉದ್ದ ರೆಕ್ಕೆಗಳನ್ನು ಕಂಡರೆ ಕಚ್ಚದೆ ಬಿಡದು. ಗಪ್ಪಿ, ಏಂಜೆಲ್, ಫೈಟರ್ ಮುಂತಾದ ನಿಧಾನಗತಿಯ ನೀಳರೆಕ್ಕೆಯವರೊಡನೆ ಅದನ್ನು ಇಡಬಾರದು. ಗಂಡು ಫೈಟರ್ ತನ್ನ ಜಾತಿಯ ಇನ್ನೊಂದು ಗಂಡನ್ನು ಸಹಿಸದು. ಬಣ್ಣದ ಬಾಲದ ಗಪ್ಪಿಯನ್ನೂ ಎದುರಾಳಿಯೆಂದು ಭಾವಿಸಿ ಅಟ್ಟಿಸಿಕೊಂಡು ಹೋಗಬಹುದು. ಅದಕ್ಕೆ ಬೇರೆ ತೊಟ್ಟಿಯೇ ಕ್ಷೇಮ.

ಗಂಗೆಯ ಮೀನು, ತುಂಗೆಯ ಮೀನು

ಅಕ್ವೇರಿಯಂ ಮೀನುಗಳೆಲ್ಲ ವಿದೇಶದಿಂದ ಬಂದವೆಂಬ ಭಾವನೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಜಗತ್ತಿನಾದ್ಯಂತ ಹವ್ಯಾಸಿಗಳು ಸಾಕುವ ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಹನಿ ಗೌರಾಮಿ, ಕುಬ್ಜ ಗೌರಾಮಿ, ಗಾಜಿನ ಮೀನು ಇವೆಲ್ಲ ಭಾರತ ಉಪಖಂಡದ ನೀರಿನವು. ಇವುಗಳನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಕನ್ನಡ ನಾಡಿನ ಇತಿಹಾಸವನ್ನು ಓದಿದವರಿಗೆಲ್ಲ ಪರಿಚಿತನಾದ ವ್ಯಕ್ತಿ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿ, ಬೆಳೆ, ಮಣ್ಣು, ಜನಜೀವನಗಳ ವಿವರಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಮುಂದೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ತಾಳಿದ. ಗಂಗಾ ನದಿ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತು ಅವನು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎಲ್ಲ ಮೀನುಗಳ ವರ್ಣನೆಯಿದೆ. ಅವನು ವರ್ಣಿಸಿದ ಪುಟ್ಟ ಜೀಬ್ರಾ ಡ್ಯಾನಿಯೊ, ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಅಮೆರಿಕದ ಒರೆಗನ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಸಂಶೋಧನೆ 1981ರಲ್ಲಿ ಪ್ರಕಟವಾದಂದಿನಿಂದ, ತಳಿಶಾಸ್ತ್ರ ಮತ್ತು ವೈದ್ಯಕೀಯ ಪ್ರಯೋಗಶಾಲೆಗಳ ಮುಖ್ಯ ಜೀವಿಗಳಲ್ಲಿ ಒಂದಾಗಿ ಬೆಳೆದಿದೆ.

ಹೊಸ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಮೀನು ದೊರೆಯುವುದು ಕಷ್ಟ. ಒಂದೂವರೆ ಎರಡು ಅಂಗುಲ ಉದ್ದ. ಮೆದು, ಗಡಸು ಎರಡು ಬಗೆಯ ನೀರಿಗೂ ಒಗ್ಗುವ ಗುಣ. ಚಳಿಯನ್ನು ಇತರರಿಗಿಂತ ಚೆನ್ನಾಗಿ ತಾಳುವ ಶಕ್ತಿ. ಹಾರುವ ಅಭ್ಯಾಸವಿರುವುದರಿಂದ ತೊಟ್ಟಿಗೆ ಮುಚ್ಚಳ ಮಾತ್ರ ಬೇಕೇಬೇಕು. ಹನಿ ಗೌರಾಮಿ ಇನ್ನೊಂದು ಸಾಧು ಜೀವಿ. ನೀರಿನ ಮೇಲ್ಮೈಗೆ ಬಂದು ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗ ಅದಕ್ಕಿದೆ; ಅದು ಮೇಲೆ ಬಂದು ಬಾಯಿ ತೆರೆಯುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಗಾಳಿಯನ್ನು ನೇರವಾಗಿ ಉಸಿರಾಡದ ಮೀನುಗಳು ಹಾಗೆ ಮಾಡಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು ಅಥವಾ ಕಿವಿರುಗಳಿಗೆ ಏಟಾಗಿರಬಹುದು.

ಕರ್ನಾಟಕದ ನದಿಯ ಮೀನೂ ಈ ಲೋಕದಲ್ಲಿ ಪ್ರಸಿದ್ಧವಾಗಿದೆ. ಹಳದಿ ಮೈಮೇಲೆ ಸಣ್ಣ ಸಣ್ಣ ಪಟ್ಟೆಗಳಿರುವ ಬೋಟಿಯಾ ಸ್ಟ್ರಿಯಾಟಾ ಎಂಬ ಲೋಚ್ ಮೀನನ್ನು ಶಿವಮೊಗ್ಗದ ಬಳಿ ತುಂಗಾ ನದಿಯಲ್ಲಿ ಸಿಕ್ಕ ಮಾದರಿಗಳಿಂದ 1920ರಲ್ಲಿ ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್. ಅವರೇ ಮುಂದೆ 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದರು. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ ಈ ಮೀನು ಇಂದು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. 'ಮಿಸ್ ಕೇರಳ' ಎಂಬ ಹೆಸರಿನಿಂದ ಮಾರಾಟವಾಗುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಕೂಡ ಅದೇ ಪಟ್ಟಿಯಲ್ಲಿದೆ. ಡೆನಿಸನ್ ಬಾರ್ಬ್ ನಾಲ್ಕೈದು ಅಂಗುಲ ಬೆಳೆದು ಹಿಂಡಾಗಿ ಓಡಾಡುವುದರಿಂದ ಅದಕ್ಕೆ ಕನಿಷ್ಠ ನಾಲ್ಕು ಅಡಿಯ ತೊಟ್ಟಿ ಬೇಕು. ಊರಿನ ನದಿಯ ಮೀನೆಂಬ ಅಭಿಮಾನ ಸಹಜವೇ ಆದರೂ, ಸಣ್ಣ ತೊಟ್ಟಿಯುಳ್ಳವರು ಇವೆರಡನ್ನೂ ಕೊಳ್ಳದಿರುವುದೇ ಆ ನದಿಗಳಿಗೆ ಸಲ್ಲಿಸುವ ಸೇವೆ. ದೊಡ್ಡ ತೊಟ್ಟಿಯುಳ್ಳವರು ನದಿಯಿಂದ ಹಿಡಿದದ್ದಲ್ಲ, ಸಾಕಣೆ ಕೇಂದ್ರದಲ್ಲಿ ಮರಿಮಾಡಿಸಿದ್ದು ಎಂದು ಖಚಿತಪಡಿಸಿಕೊಂಡು ಕೊಳ್ಳಬೇಕು.

ಮೂರು ಮಾದರಿ ತೊಟ್ಟಿಗಳು

ಇಲ್ಲಿ ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಮರಳು ಹಾಸಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 70 ಲೀಟರ್ ನೀರು ಹಿಡಿಸುತ್ತದೆ. ಗಾಜು, ಮರಳು, ನೀರು ಸೇರಿ ಸುಮಾರು 100 ಕಿಲೋಗ್ರಾಂ ತೂಗುವುದರಿಂದ ಗಟ್ಟಿಯಾದ ಮೇಜು ಬೇಕು. ಇಷ್ಟು ನೀರಿಗೆ ಪುಟ್ಟ ಜಾತಿಯ 15ರಿಂದ 16 ಮೀನುಗಳು ಸಾಕು. ಚೆಂಡಿನಾಕಾರದ ಗಾಜಿನ ಬಟ್ಟಲು ಯಾವ ಮೀನಿಗೂ ತಕ್ಕ ಮನೆಯಲ್ಲ.

ಮೆದು ನೀರಿನ ಮನೆ, ಉದಾಹರಣೆಗೆ ಮುಂಬಯಿ, ಪುಣೆ: ಹಾರ್ಲಿಕ್ವಿನ್ ರಾಸ್ಬೊರ 8, ಹನಿ ಗೌರಾಮಿ ಒಂದು ಜೋಡಿ, ಸ್ಟರ್ಬಾಯ್ ಕೋರಿಡೊರಾಸ್ 6. ರಾಸ್ಬೊರಗಳು ನಡುವಿನಲ್ಲಿ ಹಿಂಡಾಗಿ ಚಲಿಸುತ್ತವೆ. ಗೌರಾಮಿಗಳು ಮೇಲ್ಭಾಗದ ಗಿಡಗಳ ನೆರಳಿನಲ್ಲಿರುತ್ತವೆ. ಕೋರಿಡೊರಾಸ್ ತಳವನ್ನು ಕೆದಕುತ್ತವೆ. ಕೋರಿಡೊರಾಸ್ ಜಾತಿಗಳಲ್ಲಿ ಸ್ಟರ್ಬಾಯ್ ಬೆಚ್ಚನೆಯ ನೀರನ್ನು ಚೆನ್ನಾಗಿ ತಾಳುವುದರಿಂದ ಮುಂಬಯಿಯ ಸೆಕೆಗೆ ತಕ್ಕುದು. ನಿಯಾನ್ ಟೆಟ್ರಾಕ್ಕೆ 26 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಹಿತವಾದುದರಿಂದ ಅದು ಪುಣೆಗೆ ಒಪ್ಪಿದಷ್ಟು ಮುಂಬಯಿಗೆ ಒಪ್ಪುವುದಿಲ್ಲ.

ಗಡಸು ನೀರಿನ ಮನೆ, ಉದಾಹರಣೆಗೆ ಚೆನ್ನೈ, ಹೈದರಾಬಾದುಗಳ ಕೊಳವೆ ಬಾವಿಯ ನೀರು: ಗಂಡು ಗಪ್ಪಿ 8, ಗಂಡು ಪ್ಲಾಟಿ 6. ಗಂಡುಗಳನ್ನೇ ಆರಿಸಲು ಕಾರಣವಿದೆ. ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ; ಒಮ್ಮೆ ಗಂಡಿನೊಡನೆ ಕೂಡಿದರೆ ಬೀಜವನ್ನು ಒಡಲಲ್ಲಿಯೇ ಉಳಿಸಿಕೊಂಡು ಹಲವು ತಿಂಗಳು ಮರಿ ಹಾಕುತ್ತಲೇ ಇರಬಲ್ಲದು. ವರ್ಷ ಕಳೆಯುವುದರೊಳಗೆ ತೊಟ್ಟಿ ತುಂಬಿ, ಮರಿಗಳನ್ನು ಕೊಳ್ಳುವವರೂ ಬೇಡುವವರೂ ಇಲ್ಲದಂತಾಗುತ್ತದೆ. ತಳ ಖಾಲಿ ಉಳಿದರೆ ನಷ್ಟವೇನಿಲ್ಲ. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದು; ಕ್ಷಾರ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ತೀಕ್ಷ್ಣವಾಗುವುದರಿಂದ ಇಲ್ಲಿ ಹೆಪ್ಪಿನ ಕಾಲವನ್ನು ಮೊಟಕುಗೊಳಿಸಬಾರದು.

ಚಳಿ ಬಿಸಿಲುಗಳ ಅಂತರ ಹೆಚ್ಚಿರುವ ಮನೆ, ಉದಾಹರಣೆಗೆ ದೆಹಲಿ: ಜೀಬ್ರಾ ಡ್ಯಾನಿಯೊ 10, ಕಂಚುಬಣ್ಣದ ಕೋರಿಡೊರಾಸ್ 6. ಚಳಿಗಾಲದಲ್ಲಿ ಉಷ್ಣತೆಯನ್ನು ತಾನೇ ಹತೋಟಿಯಲ್ಲಿಡುವ 75 ವಾಟಿನ ಹೀಟರ್ ಬೇಕು. ಒಂದು ಲೀಟರಿಗೆ ಒಂದು ವಾಟ್ ಎಂಬ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಬೇಸಗೆಯಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ತಾಗಿಸಿದರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ವಿದ್ಯುತ್ ಹೋಗುವ ಪ್ರದೇಶಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಸಿದ್ಧವಾಗಿಟ್ಟಿರಬೇಕು.

ಕೊಳ್ಳುವಾಗ ಮತ್ತು ತಂದ ಮೇಲೆ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಪರಿಸರ, ಚೆನ್ನೈನ ಕೊಳತ್ತೂರು ಮುಂತಾದ ಕಡೆ ಮೀನಿನ ಅಂಗಡಿಗಳು ಸಾಲಾಗಿವೆ. ಅಲ್ಲಿ ಮೊದಲು ನೋಡಬೇಕಾದುದು ಮೀನನ್ನಲ್ಲ, ಅದಿರುವ ತೊಟ್ಟಿಯನ್ನು. ಒಂದೇ ತೊಟ್ಟಿಯಲ್ಲಿ ಸತ್ತ ಮೀನು ತೇಲುತ್ತಿದ್ದರೆ ಉಳಿದವು ಎಷ್ಟೇ ಚೆಂದವಿರಲಿ ಕೊಳ್ಳಬಾರದು. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು, ಮಡಿಚಿಕೊಂಡ ರೆಕ್ಕೆ, ಒಳಸೇರಿದ ಹೊಟ್ಟೆ ಇವು ರೋಗದ ಲಕ್ಷಣಗಳು. ಗಾಜಿನ ಮೀನಿನ ಪಾರದರ್ಶಕ ದೇಹಕ್ಕೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಪದ್ಧತಿಯೊಂದಿದೆ. ಅಸಹಜವಾದ ಗುಲಾಬಿ, ಹಸಿರು ಗೆರೆಗಳಿರುವ ಇಂಥ ಮೀನುಗಳನ್ನು ಕೊಳ್ಳುವವರಿಲ್ಲದಿದ್ದರೆ ಆ ಕ್ರೌರ್ಯ ತಾನಾಗಿ ನಿಲ್ಲುತ್ತದೆ.

ಮನೆಗೆ ತಂದ ಚೀಲವನ್ನು ಕಾಲುಗಂಟೆ ನೀರಿನ ಮೇಲೆ ತೇಲಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಿ, ಬಲೆಯಿಂದ ಮೀನನ್ನು ಮಾತ್ರ ಒಳಕ್ಕೆ ಬಿಡಬೇಕು. ಅಂಗಡಿಯ ನೀರನ್ನು ಚೆಲ್ಲಬೇಕು. ಎಲ್ಲ ಮೀನುಗಳನ್ನೂ ಒಂದೇ ದಿನ ತರದೆ, ಒಂದೊಂದು ಹಿಂಡನ್ನು ಎರಡು ವಾರಗಳ ಅಂತರದಲ್ಲಿ ತರುವುದು ಲೇಸು. ಮೊದಲ ಹಿಂಡಿನ ನಂತರ ಬರುವ ಪ್ರತಿಯೊಂದು ಹಿಂಡನ್ನೂ ಆ ಎರಡು ವಾರ ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು ಗಮನಿಸಿದರೆ ರೋಗ ಹರಡುವುದಿಲ್ಲ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ವಾರಕ್ಕೊಂದು ದಿನದ ಉಪವಾಸ ಮೀನಿಗೆ ಕೇಡಲ್ಲ. ಮನೆಗೆ ಬಂದ ಅತಿಥಿಗಳೆಲ್ಲ ಒಂದೊಂದು ಚಿಟಿಕೆ ಹಾಕುವುದು ಮಾತ್ರ ಕೇಡು.

ಮನೆಮಂದಿಯ ಆರೋಗ್ಯ

ಮೀನುಗಳನ್ನು ನೋಡುತ್ತ ಕುಳಿತರೆ ಮನಸ್ಸು ಶಾಂತವಾಗುತ್ತದೆಂಬ ನಂಬಿಕೆಗೆ ಆಧಾರವಿದೆ. ಇಂಗ್ಲೆಂಡಿನ ಪ್ಲಿಮತ್ ನಗರದ ಸಾರ್ವಜನಿಕ ಮತ್ಸ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ತೊಟ್ಟಿಯನ್ನು ನೋಡುತ್ತಿದ್ದವರ ಹೃದಯ ಬಡಿತವೂ ರಕ್ತದೊತ್ತಡವೂ ಇಳಿದುದು ಕಂಡುಬಂತು. ಆದರೆ ಇದು ಔಷಧಿಗೆ ಬದಲಿಯಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ಇದಕ್ಕಾಗಿ ಬಿಡುವಂತಿಲ್ಲ. ಕಚ್ಚಾಟ, ಸಾವುಗಳು ತುಂಬಿದ ತೊಟ್ಟಿಯಿಂದ ಯಾರಿಗೂ ಶಾಂತಿ ದೊರೆಯದೆಂಬುದೂ ಸ್ಪಷ್ಟ.

ತೊಟ್ಟಿಯ ನೀರಿನಲ್ಲಿ ರೋಗಾಣುಗಳು ಇರಬಹುದು. ಮೈಕೋಬ್ಯಾಕ್ಟೀರಿಯಂ ಮೆರೈನಂ ಎಂಬ, ಕ್ಷಯದ ರೋಗಾಣುವಿನ ಸಂಬಂಧಿ, ಕೈಯ ಗಾಯದ ಮೂಲಕ ಒಳಹೊಕ್ಕು ಕೆಲವು ವಾರಗಳ ನಂತರ ಬೆರಳು, ಮುಂಗೈಗಳಲ್ಲಿ ವಾಸಿಯಾಗದ ಗಂಟುಗಳನ್ನು ಉಂಟುಮಾಡುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗಬಹುದು. ಅಂಥ ಗಂಟು ಕಂಡಾಗ ಮನೆಯಲ್ಲಿ ಮೀನಿನ ತೊಟ್ಟಿಯಿದೆಯೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇಲ್ಲವಾದರೆ ಕಾಯಿಲೆಯ ಗುರುತು ಹತ್ತುವುದು ತಡವಾಗುತ್ತದೆ. ಗಾಯವಿರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ರಬ್ಬರ್ ಕೈಚೀಲವಿಲ್ಲದೆ ನೀರಿಗೆ ಕೈ ಹಾಕಬಾರದು. ಕೊಳವೆಯ ತುದಿಯನ್ನು ಬಾಯಿಂದ ಎಳೆದು ನೀರು ಇಳಿಸುವ ಅಭ್ಯಾಸವನ್ನು ಬಿಡಬೇಕು. ತೊಟ್ಟಿಯ ನೀರನ್ನು ಅಡಿಗೆಮನೆಯ ಸಿಂಕಿಗೆ ಸುರಿಯಬಾರದು. ಹೂಕುಂಡಗಳಿಗೆ ಹಾಕಿದರೆ ಗಿಡಗಳಿಗೆ ಗೊಬ್ಬರವಾಗುತ್ತದೆ. ಕೆಲಸ ಮುಗಿದ ಮೇಲೆ ಮಕ್ಕಳೂ ದೊಡ್ಡವರೂ ಸಾಬೂನಿನಿಂದ ಕೈ ತೊಳೆಯಬೇಕು. ನೀರಿಗೆ ಕೈ ಹಾಕುವ ಮೊದಲು ಎಲ್ಲ ವಿದ್ಯುತ್ ಸ್ವಿಚ್ಚುಗಳನ್ನೂ ಆರಿಸಬೇಕು. ತಂತಿಯ ಮೂಲಕ ನೀರು ಪ್ಲಗ್ಗಿನತ್ತ ಇಳಿಯದಂತೆ ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋಲುಬಿಟ್ಟು ಮೇಲೆತ್ತಿ ಜೋಡಿಸಬೇಕು.

ಬೇಡವಾದ ಮೀನು ಕೆರೆಯ ಪಾಲಲ್ಲ

ವರ್ಗಾವಣೆಯ ಆಜ್ಞೆ ಬಂದಾಗ, ಮೀನು ಅಳತೆ ಮೀರಿ ಬೆಳೆದಾಗ, ಮರಿಗಳು ಹೆಚ್ಚಿದಾಗ ಹತ್ತಿರದ ಕೆರೆಗೋ ನದಿಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಬಂದರೆ ಪುಣ್ಯವೆಂದು ಭಾವಿಸುವವರಿದ್ದಾರೆ. ಹಾಗೆ ಹೊರಬಿದ್ದ ಸಕ್ಕರ್ ಮೀನುಗಳು ಇಂದು ಭಾರತದ ಹಲವು ಕೆರೆ ನದಿಗಳಲ್ಲಿ ನೆಲೆಯೂರಿ, ಬೆಸ್ತರ ಬಲೆಗಳನ್ನು ಹರಿದು, ಸ್ಥಳೀಯ ಮೀನುಗಳ ಆಹಾರಕ್ಕೆ ಸಂಚಕಾರ ತಂದಿವೆ. ಗಪ್ಪಿಯಂತಹ ಪುಟ್ಟ ಮೀನೂ ಹೊಸ ನೀರಿನಲ್ಲಿ ಲೆಕ್ಕವಿಲ್ಲದಷ್ಟಾಗಿ ಅಲ್ಲಿನ ಮೂಲನಿವಾಸಿಗಳನ್ನು ಮೂಲೆಗೊತ್ತಬಲ್ಲದು. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸುವುದು ಅಥವಾ ಇನ್ನೊಬ್ಬ ಹವ್ಯಾಸಿಗೆ ಕೊಡುವುದು ಸರಿಯಾದ ದಾರಿ. ಸಂಘದ ಸದಸ್ಯರಲ್ಲಿಯೇ ಮೀನು ಸಾಕುವವರು ಪರಸ್ಪರ ಪರಿಚಯ ಮಾಡಿಕೊಂಡರೆ ಹೆಚ್ಚಾದ ಮರಿಗೂ ಮನೆ ಸಿಗುತ್ತದೆ, ಹೊಸ ತೊಟ್ಟಿಗೆ ಹೆಪ್ಪೂ ಸಿಗುತ್ತದೆ.

ಮಗುವಿಗೆ ತೊಟ್ಟಿ ತಂದುಕೊಡುವವರು ಮೊದಲ ತಿಂಗಳು ಅದನ್ನು ಮೀನಿಲ್ಲದೆಯೇ ನಡೆಸಿ, ವಾರವಾರವೂ ನೀರನ್ನು ಮಗುವಿನ ಕೈಯಿಂದಲೇ ಪರೀಕ್ಷಿಸಿ ಬರೆದಿಡಿಸುವುದು ಉತ್ತಮ ಪಾಠ. ಆ ಕಾಯುವಿಕೆಯಲ್ಲಿ ಮಗು ಸ್ವಲ್ಪ ರಸಾಯನಶಾಸ್ತ್ರವನ್ನೂ ಬಹಳಷ್ಟು ತಾಳ್ಮೆಯನ್ನೂ ಕಲಿಯುತ್ತದೆ. ಜೀಬ್ರಾ ಡ್ಯಾನಿಯೊ ಮೂರು ನಾಲ್ಕು ವರ್ಷ ಬದುಕುವ ಮೀನು. ಕೋರಿಡೊರಾಸ್ ಅದಕ್ಕಿಂತಲೂ ಹೆಚ್ಚು ಕಾಲ ಬದುಕಬಲ್ಲದು. ಮೂರನೆಯ ತರಗತಿಯಲ್ಲಿ ತಂದ ಹಿಂಡು ಆರನೆಯ ತರಗತಿಯವರೆಗೂ ಜೊತೆಗಿದ್ದರೆ, ಜೀವವೆಂಬುದು ಸತ್ತಾಗ ಅಂಗಡಿಯಿಂದ ಬದಲಿ ತರುವ ವಸ್ತುವಲ್ಲವೆಂಬ ಅರಿವು ಆ ಮಗುವಿಗೆ ಯಾರೂ ಬೋಧಿಸದೆಯೇ ಬರುತ್ತದೆ. ಅಂಥ ಮನೆಗೆ ಮೀನು ಆಗಿಬಂದೇ ಬರುತ್ತದೆ.